ಗೋವಿನಜೋಳದ ಕಾಳಿನೊಳಗಿನ ಬಾಂದಗಲ್ಲು



ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಯಾವ ಕಡೆ ಹೋದರೂ ಗೋವಿನಜೋಳದ ಹೊಲದಲ್ಲಿ ಕೇಳುವ ಪ್ರಶ್ನೆ ಒಂದೇ. “ಸಾಹೇಬ್ರ, ವರ್ಷಾ ವರ್ಷಾ ಬೀಜದ ಚೀಲ ಯಾಕ ತರಬೇಕು? ಮನೀ ತೆನೀ ಕಾಳು ಬಿತ್ತಿದರ ಆಗೂದಿಲ್ಲೇನು?” ಇದಕ್ಕೆ ಉತ್ತರ ಕಾಳಿನ ಒಳಗೇ ಇದೆ.

ಗಿಡದ ಮೈಯೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳಿಂದ ಆದದ್ದು. ಗೋವಿನಜೋಳದ ಒಂದೊಂದು ಕೋಶದಲ್ಲೂ 20 ವರ್ಣತಂತುಗಳು. ಹತ್ತು ತಾಯಿಯವು, ಹತ್ತು ತಂದೆಯವು. ಗಿಡ ಬೆಳೆಯಬೇಕಾದರೆ ಕೋಶ ಒಡೆದು ಎರಡಾಗಬೇಕು. ಆಗ ಪ್ರತಿ ತಂತುವಿಗೂ ಒಂದು ನಕಲು ತಯಾರಾಗಿ, ಎರಡೂ ಕಡೆಗೆ ಒಂದೊಂದು ಹೋಗುತ್ತದೆ. ಈ ಪಾಲು ತಪ್ಪದ ಕಾರಣವೇ ಸವಣೂರಿನ ಎಲೆಬಳ್ಳಿಯ ತುಂಡು ನೆಟ್ಟರೆ ಅದೇ ಎಲೆ ಬರುವುದು.

ತಂತುಗಳನ್ನು ಎಳೆಯಲು ಕೋಶದಲ್ಲಿ ಹಗ್ಗದಂಥ ಎಳೆಗಳಿವೆ. ಹಗ್ಗ ಬಿಗಿಯಲು ಪ್ರತಿ ತಂತುವಿನ ಮೇಲೂ ಒಂದೇ ಜಾಗ. ಅದರ ಹೆಸರು ಸೆಂಟ್ರೊಮಿಯರ್. ಆ ಜಾಗ ಇಲ್ಲವಾದರೆ ತಂತು ಹಿಂದೆ ಉಳಿದು ಕಳೆದುಹೋಗುತ್ತದೆ. ಎರಡು ಕಡೆ ಇದ್ದರೆ? ಒಂದೇ ಹಗ್ಗದ ಎರಡೂ ತುದಿಗೆ ಎತ್ತು ಹೂಡಿ ಎದುರುಬದುರು ಹೊಡೆದಂತೆ, ತಂತು ಹರಿಯುತ್ತದೆ. ಇಂಥ ಹರಿದ ತಂತುಗಳನ್ನು ಅಮೆರಿಕದ ಬಾರ್ಬರಾ ಮ್ಯಾಕ್ಲಿಂಟಾಕ್ ಎಂಬ ತಾಯಿ 1930ರ ದಶಕದಲ್ಲಿ ಗೋವಿನಜೋಳದಲ್ಲಿಯೇ ಅಭ್ಯಾಸ ಮಾಡಿದರು.

ಈ ಜಾಗ ಕೋಶಕ್ಕೆ ಹೇಗೆ ಗೊತ್ತು? ನಿಮ್ಮ ಹೊಲದ ಎಲ್ಲೆ ಮಣ್ಣಿನ ಬಣ್ಣದಿಂದ ತಿಳಿಯುತ್ತದೆಯೇ? ಬಾಂದಗಲ್ಲಿನಿಂದ ತಿಳಿಯುತ್ತದೆ. ಇಲ್ಲಿಯ ಬಾಂದಗಲ್ಲು ಸೆನ್-ಎಚ್-3 ಎಂಬ ಪ್ರೋಟೀನು. ತಂತುವಿನ ನಕಲಾಗುವಾಗ ಹಳೆಯ ಕಲ್ಲುಗಳು ಎರಡು ಕಡೆಗೂ ಹಂಚಿಹೋಗುತ್ತವೆ. ಉಳಿದ ಕಲ್ಲು ನೋಡಿಕೊಂಡು ಕೋಶವು ಅದರ ಮಗ್ಗುಲಲ್ಲೇ ಹೊಸದನ್ನು ನೆಡುತ್ತದೆ. ಹೀಗೆ ತಲೆಮಾರು ಕಳೆದರೂ ಜಾಗ ಉಳಿಯುತ್ತದೆ. ಎರಡು ಸೆಂಟ್ರೊಮಿಯರ್ ಇದ್ದೂ ಒಂದು ಸುಮ್ಮನೆ ಮಲಗಿರುವ ಗೋವಿನಜೋಳದ ತಂತುಗಳು 2006ರಲ್ಲಿ ಕಂಡುಬಂದವು. ಮಣ್ಣು ಅದೇ, ಕಲ್ಲಿಲ್ಲ, ಅಷ್ಟೇ.

ಇನ್ನು ಬೀಜದ ಮಾತು. ಹೂಪುಡಿ ಮತ್ತು ಅಂಡ ಆಗುವಾಗ ಒಂದೊಂದು ಜೋಡಿಯಿಂದ ಒಂದೇ ತಂತು ಹೋಗುತ್ತದೆ. ತಾಯಿಯದೋ ತಂದೆಯದೋ, ಅದು ಚೀಟಿ ಎತ್ತಿದ ಹಾಗೆ. ಹತ್ತು ಜೋಡಿಗೆ 1,024 ಬಗೆ. ತಂತುಗಳು ತುಂಡು ಬದಲಿಸಿಕೊಳ್ಳುವುದು ಬೇರೆ. ಆದ್ದರಿಂದ ಹೈಬ್ರಿಡ್ ತೆನೆಯ ಕಾಳು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಇಳುವರಿಯೂ ಕಡಿಮೆ. ಹಗ್ಗ ಎಲ್ಲೂ ತಪ್ಪಿಲ್ಲ ನೋಡಿರಿ.

ಹೈಬ್ರಿಡ್ಡಿನ ತಾಯಿ-ತಂದೆ ತಳಿಗಳು ಮಾತ್ರ ಶುದ್ಧ ಇರಲೇಬೇಕು. ಅದಕ್ಕೆ ಆರೆಂಟು ತಲೆಮಾರು ತನ್ನದೇ ಪುಡಿ ತನಗೇ ಹಾಕಬೇಕಿತ್ತು. 2010ರಲ್ಲಿ ಮರುತಾಚಲಂ ರವಿ ಹಾಗೂ ಸೈಮನ್ ಚಾನ್ ಸಾಸಿವೆ ಬಳಗದ ಸಣ್ಣ ಗಿಡವೊಂದರಲ್ಲಿ ಈ ಬಾಂದಗಲ್ಲನ್ನೇ ಬದಲಿಸಿದರು. ಆ ಗಿಡವನ್ನು ಸಾದಾ ಗಿಡದೊಂದಿಗೆ ಕೂಡಿಸಿದಾಗ, ಕೆಲವು ಸಸಿಗಳಲ್ಲಿ ಬದಲಾದ ಕಲ್ಲಿನ ತಂತುಗಳೆಲ್ಲ ಉದುರಿಹೋಗಿ ಒಂದೇ ಕಡೆಯವು ಉಳಿದವು. ಉಳಿದ ಅರ್ಧವನ್ನು ಇಮ್ಮಡಿ ಮಾಡಿದರೆ ಒಂದೇ ಏಟಿಗೆ ಶುದ್ಧ ತಳಿ.

ನಮ್ಮ ರಾಜ್ಯದ ಕುಣಿಗಲ್ಲಿನಲ್ಲಿ 2021ರ ಡಿಸೆಂಬರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ ಸಿಮ್ಮಿಟ್ ಸಂಸ್ಥೆಯೂ ಕೂಡಿ ಗೋವಿನಜೋಳಕ್ಕಾಗಿ ಇಂಥ ಕೇಂದ್ರ ತೆರೆದವು. ಅಲ್ಲಿಯ ದಾರಿ ಬೇರೆ: ವಿಶೇಷ ಗಂಡು ತಳಿಯ ಪುಡಿಯಿಂದ ಅರ್ಧ ತಂತಿನ ಸಸಿ ಪಡೆದು, ಮದ್ದಿನಿಂದ ಇಮ್ಮಡಿ ಮಾಡುತ್ತಾರೆ. ಶುದ್ಧ ತಳಿ ಎರಡೇ ತಲೆಮಾರಿನಲ್ಲಿ ಸಿದ್ಧ. ಇದರಿಂದ ಚೀಲದ ಬೆಲೆ ಇಳಿದೀತೆಂದು ನಾನು ಹೇಳಲಾರೆ. ಹೊಸ ರೋಗಕ್ಕೆ, ಮಳೆಯ ಕೊರತೆಗೆ ತಾಳುವ ಬೀಜ ಬೇಗ ಕೈಗೆ ಬರಲು ದಾರಿಯಾಗಿದೆ.