ಸೀಸದ ಪುಡಿಯೂ ಕೆಲಸಗಾರನ ಅಂಗಿಯೂ

ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ಬಿಚ್ಚಿ ಸರಿಪಡಿಸುವ ಸಣ್ಣ ಅಂಗಡಿಗಳನ್ನು ಚೌಳಹಿರಿಯೂರು, ಕಡೂರುಗಳ ಕಡೆಯ ವಾಚಕರು ಕಂಡಿರಬಹುದು. ಅಲ್ಲಿನ ಕೆಲಸಗಾರನು ಅಂಜುವುದು ಬೆಂಕಿಗೆ, ಆಮ್ಲಕ್ಕೆ. ನಿಜವಾದ ಶತ್ರು ಬೇರೆ. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುತ್ತದೆ; ಕಾವು ಇನ್ನೂ ಏರಿದಂತೆ ವಿಷದ ಹೊಗೆ ಏಳುತ್ತದೆ. ಅದಕ್ಕಿಂತಲೂ ಕಪಟವಾದುದು ಫಲಕಗಳಿಂದ ಉದುರುವ ಆಕ್ಸೈಡಿನ ನಯವಾದ ಪುಡಿ. ಅದು ಉಸಿರಿನೊಡನೆಯೂ, ತೊಳೆಯದ ಕೈಯಲ್ಲಿ ಹಿಡಿದ ಬೀಡಿ-ತಿಂಡಿಗಳೊಡನೆಯೂ ಒಳಸೇರುತ್ತದೆ. ದೇಹವು ಅದನ್ನು ಕ್ಯಾಲ್ಸಿಯಂ ಎಂದೇ ಬಗೆದು ಎಲುಬುಗಳಲ್ಲಿ ಹತ್ತಾರು ವರ್ಷ ಕೂಡಿಡುತ್ತದೆ. ಹೊಟ್ಟೆನುಲಿತ, ರಕ್ತಹೀನತೆ ತೋರುವ ವೇಳೆಗೆ ಬಹಳ ತಡವಾಗಿರುತ್ತದೆ. ಸಂಜೆ ಆ ಅಂಗಿಯನ್ನು ತಬ್ಬುವ ಮಗುವಿಗಂತೂ ಹಾನಿಯಾಗುವುದು ಮಿದುಳಿಗೆ.

1948ರ ಕಾರ್ಖಾನೆಗಳ ಕಾಯಿದೆಯು ಸೀಸವಿಷವನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಎಣಿಸಿತು. ಆದರೆ ವಿದ್ಯುತ್ತನ್ನು ಬಳಸಿದರೂ 10 ಮಂದಿ ಕೆಲಸಗಾರರಿಲ್ಲದ ಸ್ಥಳವು ಅದರ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾರ್ಖಾನೆಯೇ ಆಗಿರಲಿಲ್ಲ! ಇಬ್ಬರೇ ದುಡಿಯುವ ಅಂಗಡಿಯ ಗತಿಯೇನು?

ಮೂಗಿಗೆ ಕಟ್ಟಿದ ವಸ್ತ್ರವನ್ನು ನಾವು ನಂಬೆವು. ಈ ಕಣಗಳು ಅದರೊಳಗೆ ನುಸುಳುತ್ತವೆ. ಗಾಳಿಗೆ ಬೆನ್ನು ಕೊಡುವುದೂ ತಪ್ಪು. ಮೈಯ ಮುಂದೆ ಸುಳಿಯೊಂದು ಹುಟ್ಟಿ ಹೊಗೆಯನ್ನು ಮುಖಕ್ಕೇ ಎಳೆಯುತ್ತದೆ. ಗಾಳಿಯು ಮಗ್ಗುಲಿನಿಂದ ಬೀಸುವಂತೆ ಬಯಲಿನಲ್ಲಿ ನಿಲ್ಲಬೇಕು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಉಣ್ಣುವ ಮುನ್ನ ಸಾಬೂನಿನಿಂದ ಕೈತೊಳೆಯಬೇಕು. ಅಂಗಿಯು ಅಂಗಡಿಯಲ್ಲಿಯೇ ಉಳಿಯಬೇಕು. ಮನೆಯ ಬಟ್ಟೆಯೊಡನೆ ಅದನ್ನು ಒಗೆಯಲಾಗದು.