ಗಿರಣಿ ಹೋಯ್ತು, ಬೀದಿ ಚಿತ್ರದಾಗ ಉಳೀತು

ಸೊಲ್ಲಾಪುರ: ರಾತ್ರಿ ಇಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗಿನ ಹೊತ್ತಿಗೆ ಠಾಣೆ ದಾಟಿ ದಾದರ. ಅಲ್ಲಿಳಿದು, ಸೇತುವೆ ಏರಿ ಪಶ್ಚಿಮ ರೈಲ್ವೆಯ ನಿಧಾನ ಲೋಕಲ್ ಹಿಡಿದರೆ ಎರಡನೇ ನಿಲ್ದಾಣವೇ ಲೋವರ್ ಪರೇಲ್. ಮಗನ ಮನೆಗೋ, ದವಾಖಾನೆಗೋ, ನೌಕರಿ ಹುಡುಕಿಕೊಂಡೋ ಮುಂಬಯಿಗೆ ಹೋಗುವ ನಮ್ಮ ಮಂದಿಗೆ ಈ ದಾರಿ ಹೊಸದೇನಲ್ಲ. ಈಗ ಅಲ್ಲಿ ಕಾಣುವುದು ಗಾಜಿನ ಗೋಪುರಗಳು, ಮಾಲ್‌ಗಳು, ಕಚೇರಿಗಳು. 'ಇದೆಲ್ಲಾ ಗಿರಣಿ ಜಾಗಾರೀ' ಅಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ.

ನಂಬದವರಿಗೆ ತೋರಿಸಲು ಒಂದು ಚಿತ್ರವಿದೆ. ಅದರ ಹೆಸರೂ 'ಲೋವರ್ ಪರೇಲ್'. ಸುಧೀರ್ ಪಟವರ್ಧನ್ ಅದನ್ನು ಬಿಡಿಸಿದ್ದು 2001ರಲ್ಲಿ. ಗಿರಣಿ ಕಾಲದ ಊರು ಮತ್ತು ಅದರ ತಲೆಯ ಮೇಲೆ ಏಳುತ್ತಿದ್ದ ಹೊಸ ಊರು ಎರಡೂ ಒಂದೇ ಕ್ಯಾನ್ವಾಸಿನಲ್ಲಿವೆ. ಒಂದು ಇನ್ನೂ ಹೋಗಿಲ್ಲ, ಇನ್ನೊಂದು ಪೂರ್ತಿ ಬಂದಿಲ್ಲ. ಆ ನಡುವಿನ ಗಳಿಗೆ ಅದು.

ಎಕ್ಸ್-ರೇ ನೋಡುವ ಕಣ್ಣು

ಪಟವರ್ಧನ್ ಚಿತ್ರಕಲಾ ಶಾಲೆಯಲ್ಲಿ ಕಲಿತವರಲ್ಲ. 1949ರಲ್ಲಿ ಪುಣೆಯಲ್ಲಿ ಹುಟ್ಟಿ, 1972ರಲ್ಲಿ ಅಲ್ಲಿಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. 1975ರಿಂದ 2005ರವರೆಗೆ ಠಾಣೆಯಲ್ಲಿ ಎಕ್ಸ್-ರೇ ತಜ್ಞರಾಗಿ ದುಡಿದರು. ಹೊಟ್ಟೆಪಾಡಿಗೆ ಎಕ್ಸ್-ರೇ, ಉಳಿದ ಹೊತ್ತಿಗೆ ಕುಂಚ. ಹೀಗೆ ಮೂವತ್ತು ವರ್ಷ ನಡೆಯಿತು.

ದೇವರು, ರಾಜರು ಅವರ ಚಿತ್ರಕ್ಕೆ ಬರಲಿಲ್ಲ. ಬಂದವರು ಲೋಕಲ್ ಗಾಡಿಯಲ್ಲಿ ಜೋತುಬಿದ್ದವರು, ಕಟ್ಟಡ ಕೆಲಸದವರು, ಚಹಾ ಕುಡಿಯುತ್ತ ಕೂತವರು. 1977ರ 'ಇರಾಣಿ ರೆಸ್ಟೋರೆಂಟ್', 1984ರ 'ಟೌನ್' ಇದೇ ಜಾಡಿನವು. ತಾನು ಯಾರನ್ನು ಬಿಡಿಸುತ್ತೇನೋ ಆ ಜನ ಚಿತ್ರದಲ್ಲಿ ತಮ್ಮನ್ನೇ ಕಾಣುವಂತಾಗಬೇಕು ಎಂಬುದು ಅವರ ಮೊದಲಿನಿಂದಲೂ ಇದ್ದ ಆಸೆ. ಅದಕ್ಕೇ ಇರಬೇಕು, 2008-09ರ ಸುಮಾರಿಗೆ ಸಮಕಾಲೀನ ಚಿತ್ರಗಳ ಪ್ರದರ್ಶನವೊಂದನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಹಲವು ಊರು ಸುತ್ತಿಸಿದರು. ಮುಂದೆ ಮುಂಬಯಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ 2019-20ರಲ್ಲಿ ಅವರ ಇಡೀ ಬದುಕಿನ ಕೆಲಸದ ದೊಡ್ಡ ಪ್ರದರ್ಶನ ನಡೆಯಿತು.

ಇದ್ದದ್ದನ್ನು ಇದ್ದ ಹಾಗೇ ತೆಗೆಯುವ ಫೋಟೊದಂಥ ಚಿತ್ರಗಳಲ್ಲ ಇವು. ಕೆಳಗೆ ನಿಂತು ಕಂಡದ್ದು, ಮೇಲಿನಿಂದ ಕಂಡದ್ದು, ದೂರದಿಂದ ಕಂಡದ್ದು, ಎಲ್ಲವನ್ನೂ ಒಂದೇ ಕಡೆ ಹೊಂದಿಸುತ್ತಾರೆ. ದಿನಾ ಒಂದೇ ದಾರಿಯಲ್ಲಿ ಓಡಾಡುವ ಮನುಷ್ಯನ ತಲೆಯಲ್ಲಿ ಊರು ಇರುವುದೂ ಹಾಗೇ ಅಲ್ಲವೇ?

ಅದೇ ವರ್ಷ ಬದಲಾದ ನಿಯಮ

1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳುತನದಲ್ಲಿ ಮುಂಬಯಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಗಾಂವ್ ಎಂಬ ಊರೊಳಗಿನ ಊರು ಮೆಲ್ಲಗೆ ಖಾಲಿಯಾಯಿತು.

1991ರ ನಿಯಮದ ಪ್ರಕಾರ ಗಿರಣಿ ಜಮೀನು ಹೊಸದಾಗಿ ಕಟ್ಟುವಾಗ ಮೂರು ಪಾಲಾಗಬೇಕಿತ್ತು: ಒಂದು ಊರಿನ ಬಯಲಿಗೆ, ಒಂದು ಸಾಮಾನ್ಯರ ಮನೆಗಳಿಗೆ, ಒಂದು ಮಾಲೀಕರಿಗೆ. 2001ರಲ್ಲಿ ಈ ನಿಯಮ ತಿದ್ದಿದರು. ಇಡೀ ಜಮೀನಲ್ಲ, ಖಾಲಿ ಬಿದ್ದ ಜಾಗವನ್ನಷ್ಟೇ ಪಾಲಿಗೆ ಲೆಕ್ಕ ಹಿಡಿಯಬೇಕು ಎಂದಾಯಿತು. ಊರಿನ ಪಾಲು, ಬಡವರ ಪಾಲು ಎರಡೂ ಕರಗಿದವು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. 'ಲೋವರ್ ಪರೇಲ್' ಚಿತ್ರದ ವರ್ಷವೂ 2001 ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ, ಅದರಲ್ಲಿ ನಡೆದು ಹೋಗುವ ಮಂದಿ ಬೇರೆಯೇ ಆಗಿ ಕಾಣುತ್ತಾರೆ. ಅವರ ಕಾಲಕೆಳಗಿನ ನೆಲದ ಲೆಕ್ಕ ಆಗಲೇ ಬೇರೆ ಕಡೆ ಮುಗಿದಿತ್ತು.

ನಮ್ಮ ಭೋಂಗಾ ಯಾರು ಬಿಡಿಸಿದರು?

ಸೊಲ್ಲಾಪುರದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. 1877ರಲ್ಲಿ ಶುರುವಾದ ಜುನಿ ಮಿಲ್, ಆಮೇಲೆ ಲಕ್ಷ್ಮಿ, ವಿಷ್ಣು, ನರಸಿಂಗ ಗಿರಜಿ. ಭೋಂಗಾ ಕೇಳಿ ಒಲೆ ಹಚ್ಚುವ, ಭೋಂಗಾ ಕೇಳಿ ಮಕ್ಕಳನ್ನು ಸಾಲಿಗೆ ಎಬ್ಬಿಸುವ ಮನೆಗಳು ಇಲ್ಲಿ ಸಾವಿರಾರು ಇದ್ದವು. ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಪ್ಯಾಟಿಯಲ್ಲಿ ಮರಾಠಿ, ಭೋಂಗಾ ಮಾತ್ರ ಎಲ್ಲರಿಗೂ ಒಂದೇ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಹಳೇ ಫೋಟೊ ಅಲ್ಲಲ್ಲಿ ಸಿಗುತ್ತವೆ. ಆದರೆ ಅವು ಹೆಚ್ಚಾಗಿ ಕಟ್ಟಡದವು, ಗೇಟಿನವು. ಪಾಳಿ ಬಿಟ್ಟು ಬುತ್ತಿ ಡಬ್ಬಿ ಹಿಡಿದು ಬೀದಿಗಿಳಿದ ಅಪ್ಪನ ಮುಖ ಎಲ್ಲಿದೆ?

ಊರು ಈಗಲೂ ಬದಲಾಗುತ್ತಲೇ ಇದೆ. 2023ರ ಜೂನ್‌ನಲ್ಲಿ ವಿಮಾನದ ದಾರಿಗೆ ಅಡ್ಡಿಯೆಂದು ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿ ಉರುಳಿಸಿದರು. ಬೀಡಿ ಕಟ್ಟುವ, ಮಗ್ಗ ನಡೆಸುವ ಸಾವಿರಾರು ಕುಟುಂಬಗಳಿಗೆ ಕುಂಭಾರಿಯಲ್ಲಿ ಹೊಸ ಮನೆ ಎದ್ದಿವೆ. ಅಲ್ಲಿನ ರೇನಗರದಲ್ಲಿ 2024ರ ಜನವರಿಯಲ್ಲಿ ಒಮ್ಮೆಲೇ 15 ಸಾವಿರ ಮನೆ ಹಂಚಿದರು. ಸ್ವಂತ ಸೂರು ಸಿಕ್ಕಿದ್ದು ಸಂತೋಷದ ಮಾತೇ. ಆದರೆ ಅವರು ಬಿಟ್ಟುಹೋದ ಓಣಿಗಳ ಕಟ್ಟೆ, ಆ ಕಟ್ಟೆಯ ಮೇಲೆ ಮೊರ ಹಿಡಿದು ಕೂತು ಬೀಡಿ ಸುತ್ತುತ್ತಿದ್ದ ತಾಯಂದಿರ ಸಾಲು, ಅದೂ ಕಣ್ಣಿಂದ ಮರೆಯಾಗುತ್ತಿದೆ.

ಚಿತ್ರ ಹೋದ ಕೂಲಿಯನ್ನು ತಂದುಕೊಡೋದಿಲ್ಲ, ಮುಚ್ಚಿದ ಗೇಟು ತೆಗೆಸೋದಿಲ್ಲ. 'ಇವರು ಇಲ್ಲಿದ್ದರು' ಎಂದು ಮಾತ್ರ ಹೇಳುತ್ತದೆ. ನಮ್ಮ ಸಾಲಿಗಳ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳು ಇವತ್ತಿಗೂ ಗುಡ್ಡ, ಸೂರ್ಯ, ತೆಂಗಿನಮರ ಬಿಡಿಸುತ್ತಾರೆ. ಈ ಸಲ ಮಾಸ್ತರರು ಅವರನ್ನು ಒಂದು ಸಂಜೆ ತಮ್ಮದೇ ಓಣಿಯ ಕಟ್ಟೆಗೆ ಕರಕೊಂಡು ಹೋಗಿ ಕೂಡಿಸಲಿ. ಬಿಡಿಸಬೇಕಾದವರು ಇನ್ನೂ ಅಲ್ಲೇ ಓಡಾಡುತ್ತಿದ್ದಾರೆ.