ಬೈಕಿನ ಮುಂದಿನ ಇಂಡಿಕೇಟರ್: ಜಾಗ ಬದಲಿಸುವ ಮುನ್ನ

ಬುಲೆಟ್ಟಿಗೆ ಜೋಡಿ ಫಾಗ್ ಲೈಟ್ ಹಾಕಿಸಬೇಕು, ಉದ್ದ ಹ್ಯಾಂಡಲ್ ತೆಗೆದು ಗಿಡ್ಡದ್ದು ಕೂರಿಸಬೇಕು, ಗಾಳಿಗೆ ಅಡ್ಡವಾಗಿ ಗ್ಲಾಸ್ ಬೇಕು. ಇವುಗಳಲ್ಲಿ ಯಾವುದಕ್ಕೆ ಕೈಹಾಕಿದರೂ ಮೊದಲು ಅಡ್ಡ ಬರುವುದು ಮುಂದಿನ ಇಂಡಿಕೇಟರ್. ಅದನ್ನು ಬಿಚ್ಚಿ, ಸಿಕ್ಕ ಜಾಗಕ್ಕೆ ಬಿಗಿದು ಕಳಿಸಲು ಗ್ಯಾರೇಜಿನವರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಕಂಪನಿಯವರು ಅದನ್ನು ಅಲ್ಲೇ ಏಕೆ ಇಟ್ಟಿದ್ದರು ಎಂಬುದು ತಿಳಿಯದೆ ಸರಿಸುವುದು ಅಪಾಯಕಾರಿ.

ಇಂಡಿಕೇಟರ್ ಇರುವುದು ಎದುರಿನವರಿಗಾಗಿ. ದೂರದಿಂದ ಬರುವ ಲಾರಿ ಚಾಲಕನಿಗೆ ದೀಪ ಮಿನುಗುತ್ತಿದೆ ಎಂದಷ್ಟೇ ತಿಳಿದರೆ ಸಾಲದು, ಅದು ಎಡಕ್ಕೋ ಬಲಕ್ಕೋ ಎಂಬುದೂ ಒಂದೇ ನೋಟಕ್ಕೆ ತಿಳಿಯಬೇಕು. ಕಾರಿಗೆ ಅಗಲವಿದೆ, ಎರಡು ಮೂಲೆಗಳಿವೆ. ಬೈಕಿಗೆ ಇರುವುದು ನಟ್ಟನಡುವೆ ಒಂದು ಹೆಡ್‌ಲೈಟ್, ಅದರ ಅಕ್ಕಪಕ್ಕ ಒಂದಿಷ್ಟು ಜಾಗ. ಅದೂ ಅಲ್ಲದೆ, ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಆದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡಂತೆ ಇಂಡಿಕೇಟರ್ ಕೂರಿಸಿದರೆ ಹಾಡುಹಗಲಲ್ಲೂ ಆ ಬೆಳಕಿನಲ್ಲೇ ಅದು ಮುಳುಗಿಹೋಗುತ್ತದೆ.

ಹೀಗಾಗಿಯೇ ನಿಯಮಗಳು ಅಳತೆಯ ಭಾಷೆಯಲ್ಲಿ ಮಾತನಾಡುತ್ತವೆ. ವಿಶ್ವಸಂಸ್ಥೆಯ 53ನೇ ವಾಹನ ನಿಯಮದ ಪ್ರಕಾರ ಮುಂದಿನ ಎರಡು ಇಂಡಿಕೇಟರ್‌ಗಳ ಬೆಳಗುವ ಭಾಗಗಳ ನಡುವೆ ಕನಿಷ್ಠ 240 ಮಿ.ಮೀ. ಅಂತರವಿರಬೇಕು, ಎತ್ತರ ನೆಲದಿಂದ 350ರಿಂದ 1200 ಮಿ.ಮೀ. ಒಳಗಿರಬೇಕು. ಹೊರಬದಿಗೆ 80 ಡಿಗ್ರಿ ಕೋನದಿಂದಲೂ ಅವು ಕಾಣಬೇಕು. ನನಗೆ ಬಹಳ ಹಿಡಿಸಿದ ಅಂಶ ಇನ್ನೊಂದಿದೆ. ಹೆಡ್‌ಲೈಟಿನಿಂದ 75 ಮಿ.ಮೀ. ದೂರವಿರುವ ಇಂಡಿಕೇಟರಿಗೆ 90 ಕ್ಯಾಂಡೆಲಾ ಪ್ರಖರತೆ ಸಾಕು, 40 ಮಿ.ಮೀ.ಗೆ ಸರಿಸಿದರೆ 175 ಬೇಕು. ಹತ್ತಿರ ಹೋದಷ್ಟೂ ಜೋರಾಗಿ ಬೆಳಗಬೇಕು. ಅಮೆರಿಕದ ನಿಯಮ ಇನ್ನೂ ಬಿಗಿ: ಎರಡು ದೀಪಗಳ ನಡುಬಿಂದುಗಳ ಮಧ್ಯೆ 16 ಇಂಚು, ಹೆಡ್‌ಲೈಟಿನ ಅಂಚಿನಿಂದ 4 ಇಂಚು. ಭಾರತದಲ್ಲಿ ಈ ವಿಷಯಕ್ಕೆ ಎಐಎಸ್-009 ಎಂಬ ಮಾನದಂಡವಿದೆ.

ಇನ್ನು ಎಲ್ಲಿ ಬಿಗಿಯುವುದು? ಫೋರ್ಕ್ ಪೈಪಿಗೆ ಕ್ಲ್ಯಾಂಪ್ ಹಾಕುವುದು ಹೆಚ್ಚಿನವರು ಹಿಡಿಯುವ ದಾರಿ, ಒಳ್ಳೆಯ ದಾರಿಯೂ ಹೌದು. ಎರಡು ಪೈಪುಗಳನ್ನು ಮೇಲೆ ಕೆಳಗೆ ಹಿಡಿದಿರುವ ಬ್ರಾಕೆಟ್ಟುಗಳ ನಡುವಿನ ಭಾಗ ಇದಕ್ಕೆ ಸರಿ. ಅದಕ್ಕಿಂತ ಕೆಳಗೆ, ಶಾಕ್ ಹೀರುವಾಗ ಮೇಲೆ ಕೆಳಗೆ ಜಾರುವ ಹೊಳೆಯುವ ಪೈಪಿಗೆ ಕ್ಲ್ಯಾಂಪ್ ಹಾಕಿದರೆ ಮೊದಲ ದೊಡ್ಡ ಗುಂಡಿಯಲ್ಲೇ ಅದು ಬಡಿದು ಆಯಿಲ್ ಸೀಲ್ ಹಾಳಾಗಬಹುದು. ದೀಪದ ತಳದಲ್ಲಿ ನೀರಿಳಿಯಲು ಸಣ್ಣ ತೂತಿದ್ದರೆ ಅದು ಕೆಳಮುಖವಾಗಿಯೇ ಇರಲಿ. ತಲೆಕೆಳಗಾಗಿ ಕೂರಿಸಿದ ದೀಪದೊಳಗೆ ಒಂದೇ ಮಳೆಗಾಲದಲ್ಲಿ ಹೋಲ್ಡರ್ ಹಸಿರು ಹಿಡಿಯುತ್ತದೆ.

ತೊಂದರೆಗಳು ಹೆಚ್ಚಾಗಿ ಹುಟ್ಟುವುದು ವೈರಿಂಗಿನಲ್ಲಿ. ಹಳೆಯ ಇಂಡಿಕೇಟರ್‌ಗಳಲ್ಲಿ ಎಷ್ಟೋ ಸಲ ಒಂದೇ ವೈರ್ ಇರುತ್ತದೆ. ಅರ್ಥ್ ಸಿಗುವುದು ಲೋಹದ ಕಾಂಡದ ಮೂಲಕ, ಬೈಕಿನ ದೇಹದಿಂದ. ಅದನ್ನು ಬಣ್ಣ ಬಳಿದ ಅಥವಾ ರಬ್ಬರ್ ಒಳಪದರವಿರುವ ಕ್ಲ್ಯಾಂಪಿಗೆ ಹಾಕಿದೊಡನೆ ಅರ್ಥ್ ತಪ್ಪುತ್ತದೆ. ದೀಪ ಮಂಕಾಗುತ್ತದೆ, ಇಲ್ಲವೇ ಹೊತ್ತುವುದೇ ಇಲ್ಲ. ಬಲ್ಬು ಬದಲಿಸಿ ಬದಲಿಸಿ ಸುಸ್ತಾಗುವ ಬದಲು ಕಾಂಡದಿಂದ ಬ್ಯಾಟರಿಯ ನೆಗೆಟಿವ್‌ಗೆ ಸೇರುವ ಒಂದು ಪ್ರತ್ಯೇಕ ವೈರ್ ಎಳೆದರೆ ಕೆಲಸ ಮುಗಿಯಿತು. ವೈರ್ ಎಳೆದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಆಕ್ಸಿಲರೇಟರ್ ಕೇಬಲ್ಲಿಗೆ ಸುತ್ತಿಕೊಳ್ಳಬಾರದು.

ಜಾಗದ ಜೊತೆಗೆ ದೀಪವನ್ನೂ ಬದಲಿಸಿ ಎಲ್‌ಇಡಿ ಹಾಕಿಸುವವರಿಗೆ ಇನ್ನೊಂದು ಸಮಸ್ಯೆ ಕಾದಿರುತ್ತದೆ. 10 ವ್ಯಾಟಿನ ಎರಡು ಬಲ್ಬುಗಳು ಸೇರಿ 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತವೆ. ಎಲ್‌ಇಡಿ ಅದರ ಸಣ್ಣ ಪಾಲನ್ನಷ್ಟೇ ಎಳೆಯುತ್ತದೆ. ಹಳೆಯ ಫ್ಲಾಷರ್ ಇದನ್ನು ಬಲ್ಬು ಸುಟ್ಟಿದೆ ಎಂದೇ ಭಾವಿಸಿ ಪಟಪಟನೆ ಮಿನುಗಿಸುತ್ತದೆ, ಅಥವಾ ಸುಮ್ಮನಾಗಿಬಿಡುತ್ತದೆ. ಮಿನುಗು ನಿಮಿಷಕ್ಕೆ 60ರಿಂದ 120ರ ಒಳಗಿರಬೇಕು. ಕೆಲವರು ರೆಸಿಸ್ಟರ್ ಸೇರಿಸುತ್ತಾರೆ. ಅದು ಕಾದು ವಿದ್ಯುತ್ತನ್ನು ಪೋಲು ಮಾಡುತ್ತದೆ. ಲೋಡ್ ಲೆಕ್ಕಿಸದ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿಸುವುದೇ ಉತ್ತಮ. ಮೀಟರಿನಲ್ಲಿ ಎಡ-ಬಲ ಎರಡಕ್ಕೂ ಒಂದೇ ಸೂಚಕ ದೀಪವಿದ್ದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದುಂಟು. ಆ ಸೂಚಕ ಬಲ್ಬಿನ ಮೂಲಕ ಆಚೆ ಬದಿಗೆ ಹರಿಯುವ ಅಲ್ಪ ವಿದ್ಯುತ್ತೇ ಎಲ್‌ಇಡಿ ಹೊತ್ತಲು ಸಾಕಾಗುವುದು ಇದಕ್ಕೆ ಕಾರಣ. ಎರಡು ಡಯೋಡ್ ಹಾಕಿ, ಸೂಚಕದ ಇನ್ನೊಂದು ತುದಿಗೆ ಅರ್ಥ್ ಕೊಟ್ಟರೆ ಸರಿಹೋಗುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 182ಎ(4) ಕಲಮು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ವಾಹನದ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ. ಬಣ್ಣ, ಅಂತರ, ಮಿನುಗು ಯಾವುದರಲ್ಲೂ ಮಾನದಂಡ ಮೀರಬೇಡಿ, ಬಿಚ್ಚಿದ ಮೂಲ ಭಾಗಗಳನ್ನು ಎಸೆಯಬೇಡಿ.

ಕೆಲಸ ಮುಗಿದ ಮೇಲೆ ನಡುಮಧ್ಯಾಹ್ನ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಗೆಳೆಯರೊಬ್ಬರನ್ನು ನೂರು ಹೆಜ್ಜೆ ಮುಂದೆ ನಿಲ್ಲಿಸಿ. ಯಾವ ಕಡೆಯದು ಮಿನುಗುತ್ತಿದೆ ಎಂದು ಅವರು ತಡವರಿಸದೆ ಹೇಳಿದರೆ ಮಾತ್ರ ಬೈಕನ್ನು ರಸ್ತೆಗಿಳಿಸಿ.